ಸಣ್ಣ ಕಾರ್ಖಾನೆಗೆ ಐಎಸ್‌ಒ 45001: ಯಂತ್ರದ ಪಕ್ಕದಿಂದ ಪ್ರಮಾಣಪತ್ರದವರೆಗೆ

ಐಎಸ್‌ಒ 45001, ಅಂದರೆ ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ಅಂತರರಾಷ್ಟ್ರೀಯ ಮಾನದಂಡದ ಪ್ರಮಾಣಪತ್ರ ಬೇಕೆಂದು ಗ್ರಾಹಕರಿಂದ ಪತ್ರ ಬಂದ ಕೂಡಲೇ ಎಷ್ಟೋ ಸಣ್ಣ ಕಾರ್ಖಾನೆಗಳು ಸಿದ್ಧ ಫೈಲು ಕೊಳ್ಳಲು ಹೊರಡುತ್ತವೆ. ಇನ್ನಾವುದೋ ಘಟಕಕ್ಕೆ ಬರೆದ ಕೈಪಿಡಿ, ಇನ್ನಾರದೋ ಅಪಾಯಗಳ ಪಟ್ಟಿ, ಮೇಲೆ ನಿಮ್ಮ ಕಂಪನಿಯ ಹೆಸರು. ಕಾಗದ ತುಂಬುತ್ತದೆ, ತಗಡು ಒತ್ತುವ ಪವರ್ ಪ್ರೆಸ್ಸಿನ ಮುಂದೆ ಕೂತವರ ಬೆರಳು ಮಾತ್ರ ಮೊದಲಿದ್ದಷ್ಟೇ ಅಪಾಯದಲ್ಲಿ ಉಳಿಯುತ್ತದೆ. ಮಾನದಂಡ ಕೇಳುವ ಕ್ರಮವೇ ಬೇರೆ. ಮೊದಲು ಯಂತ್ರದ ಬಳಿ ನಿಂತು ಅಪಾಯ ಗುರುತಿಸಬೇಕು, ಆಮೇಲೆ ಅದನ್ನು ತಡೆಯಬೇಕು, ತಡೆದದ್ದಕ್ಕೆ ದಾಖಲೆ ಇಡಬೇಕು. ಈ ಕ್ರಮದಲ್ಲಿ ನಡೆದರೆ ಆಡಿಟ್ ಕೂಡ ಹಗುರವಾಗುತ್ತದೆ.

ಈ ಬರಹಕ್ಕೆ ಒಂದು ಮಾದರಿ ಘಟಕವನ್ನು ಕಣ್ಮುಂದೆ ಇಟ್ಟುಕೊಳ್ಳೋಣ. ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆ ಸಾಮಾನ್ಯವಾಗಿ ಕಾಣುವ ಶೀಟ್‌ಮೆಟಲ್ ಕಾರ್ಖಾನೆ. ಕಂಟ್ರಾಕ್ಟ್ ಕಾರ್ಮಿಕರೂ ಸೇರಿ 80 ಜನ, ಎರಡು ಶಿಫ್ಟ್, ಹತ್ತಾರು ಪವರ್ ಪ್ರೆಸ್, ವೆಲ್ಡಿಂಗ್, ಗ್ರೈಂಡಿಂಗ್, ಒಂದು ಪೇಂಟ್ ಬೂತ್, ಛಾವಣಿಯ ಕೆಳಗೆ ಹಳಿಯ ಮೇಲೆ ಓಡುವ ಒಂದು ಇಒಟಿ ಕ್ರೇನ್. ಇಷ್ಟಕ್ಕೆ ಆರಂಭದಿಂದ ಪ್ರಮಾಣಪತ್ರದವರೆಗೆ ಆರು ತಿಂಗಳು ಇಟ್ಟುಕೊಳ್ಳಿ. ಒಂದು ವಾರದಲ್ಲಿ ಪ್ರಮಾಣಪತ್ರ ಕೊಡುತ್ತೇವೆ ಎನ್ನುವವರ ಕಾಗದವನ್ನು ತಿಳಿದ ಗ್ರಾಹಕರು ಒಪ್ಪುವುದಿಲ್ಲ.

ಮಾನದಂಡದ ಒಳಗೆ ಏನಿದೆ

ಐಎಸ್‌ಒ 45001 ಪ್ರಕಟವಾದದ್ದು 2018ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು ಚಾಲ್ತಿಯಲ್ಲಿದ್ದದ್ದು ಓಎಚ್‌ಎಸ್‌ಎಎಸ್ 18001. ಹಳೆಯದರಿಂದ ಹೊಸದಕ್ಕೆ ಬದಲಾಗಲು ಕೊಟ್ಟ ಗಡುವು 2021ರ ಸೆಪ್ಟೆಂಬರ್‌ಗೆ ಮುಗಿದಿದೆ. ಇಂದಿಗೂ 18001 ಎಂದು ಮುದ್ರಿಸಿದ ಪ್ರಮಾಣಪತ್ರವನ್ನು ಯಾರಾದರೂ ತೋರಿಸಿದರೆ ಅದಕ್ಕೆ ಬೆಲೆ ಇಲ್ಲ.

ಪಾಲಿಸಬೇಕಾದ ಅಂಶಗಳು 4ರಿಂದ 10ರವರೆಗಿನ ಅಧ್ಯಾಯಗಳಲ್ಲಿವೆ: ಸಂಸ್ಥೆಯ ಸಂದರ್ಭ, ನಾಯಕತ್ವ ಮತ್ತು ಕಾರ್ಮಿಕರ ಭಾಗವಹಿಸುವಿಕೆ, ಯೋಜನೆ, ಬೆಂಬಲ, ಕಾರ್ಯಾಚರಣೆ, ಮೌಲ್ಯಮಾಪನ, ಸುಧಾರಣೆ. ಐಎಸ್‌ಒ 9001 (ಗುಣಮಟ್ಟದ ಮಾನದಂಡ) ಈಗಾಗಲೇ ಇದ್ದವರಿಗೆ ಅಧ್ಯಾಯಗಳ ಜೋಡಣೆ ಪರಿಚಿತ. ದಾಖಲೆ ನಿಯಂತ್ರಣ, ಆಂತರಿಕ ಆಡಿಟ್, ಆಡಳಿತ ಪರಿಶೀಲನಾ ಸಭೆಗಳನ್ನು ಹೊಸದಾಗಿ ಕಟ್ಟಬೇಕಿಲ್ಲ, ಇರುವುದಕ್ಕೇ ಸೇರಿಸಬಹುದು. ಕೈಪಿಡಿ ಇರಲೇಬೇಕು, ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೆಟಿವ್ ಹೆಸರಿನ ಹುದ್ದೆ ಇರಲೇಬೇಕು ಎಂದು 45001 ಎಲ್ಲೂ ಹೇಳಿಲ್ಲ. ಆದರೆ ಇಡೀ ಹೊಣೆಯನ್ನು ಒಬ್ಬ ಸೇಫ್ಟಿ ಆಫೀಸರ್ ತಲೆಗೆ ಕಟ್ಟಿ ಮಾಲೀಕರು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಆಡಿಟರ್ ಮಾಲೀಕರ ಎದುರೇ ಕೂತು ಪ್ರಶ್ನೆ ಕೇಳುತ್ತಾರೆ.

2024ರ ತಿದ್ದುಪಡಿಯಿಂದ 4ನೇ ಅಧ್ಯಾಯಕ್ಕೆ ಒಂದು ಸಣ್ಣ ಸೇರ್ಪಡೆಯಾಗಿದೆ. ಹವಾಮಾನ ಬದಲಾವಣೆ ನಿಮ್ಮ ಘಟಕಕ್ಕೆ ಸಂಬಂಧಿಸಿದ ವಿಷಯವೇ ಎಂದು ನಿರ್ಧರಿಸಿರಬೇಕು. ಇದಕ್ಕೆ ದೊಡ್ಡ ಪ್ರಬಂಧ ಬೇಡ. ಶೀಟ್ ಛಾವಣಿಯ ಕೆಳಗೆ ಏಪ್ರಿಲ್–ಮೇ ಬಿಸಿಲಿನಲ್ಲಿ ವೆಲ್ಡಿಂಗ್ ಮಾಡುವವರ ಸ್ಥಿತಿ, ಜೋರು ಮಳೆಗೆ ಪ್ಯಾನೆಲ್ ರೂಮಿಗೆ ನುಗ್ಗುವ ನೀರು, ಈ ಎರಡನ್ನು ಪರಿಶೀಲಿಸಿ ಕ್ರಮ ಬರೆದಿದ್ದರೆ ವಿಷಯ ಜೀವಂತವಾಗಿರುತ್ತದೆ.

ಮೊದಲ ತಿಂಗಳು: ವ್ಯಾಪ್ತಿ, ಜನ, ಕಾನೂನು

ವ್ಯಾಪ್ತಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ಯಾವ ವಿಳಾಸ, ಯಾವ ಉತ್ಪನ್ನ, ಯಾವ ಕೆಲಸಗಳು. ಅಪಾಯ ಹೆಚ್ಚಿರುವ ಪೇಂಟ್ ಶಾಪನ್ನು ಹೊರಗಿಟ್ಟು ಆಫೀಸು ಮತ್ತು ಅಸೆಂಬ್ಲಿಗೆ ಮಾತ್ರ ಪ್ರಮಾಣಪತ್ರ ಪಡೆಯುವ ಯೋಚನೆ ಬೇಡ. ನಿಮ್ಮ ನಿಯಂತ್ರಣದಲ್ಲಿದ್ದು ಸುರಕ್ಷತೆಯ ಮೇಲೆ ಪರಿಣಾಮ ಬೀರುವ ಕೆಲಸವನ್ನು ಬಿಡಲು ಮಾನದಂಡ ಒಪ್ಪುವುದಿಲ್ಲ.

ಜನರ ಲೆಕ್ಕದಲ್ಲಿ ಕಂಟ್ರಾಕ್ಟ್ ಕಾರ್ಮಿಕರು, ಟ್ರೈನಿಗಳು, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನಿನವರು ಎಲ್ಲರೂ ಬರುತ್ತಾರೆ. ಆಡಿಟ್ ಎಷ್ಟು ದಿನ ನಡೆಯಬೇಕು ಎಂಬುದನ್ನು ಈ ಸಂಖ್ಯೆ ಮತ್ತು ಅಪಾಯದ ಮಟ್ಟ ನೋಡಿಯೇ ತೀರ್ಮಾನಿಸುತ್ತಾರೆ. ಖರ್ಚು ಉಳಿಸಲು 80 ಜನರನ್ನು 35 ಎಂದು ಬರೆದರೆ ಹಾಜರಿ ಪುಸ್ತಕ ತೆರೆದ ಕೂಡಲೇ ಸಿಕ್ಕಿಬೀಳುತ್ತದೆ.

ಕಾನೂನಿನ ಪಟ್ಟಿಯ ಮೇಲೆ ಈ ಹೊತ್ತಿನಲ್ಲಿ ವಿಶೇಷ ಗಮನ ಬೇಕು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2020, 2025ರ ನವೆಂಬರ್ 21ರಂದು ಜಾರಿಗೆ ಬಂತು. 1948ರ ಕಾರ್ಖಾನೆ ಕಾಯ್ದೆಯ ಜಾಗವನ್ನು ಅದು ತೆಗೆದುಕೊಂಡಿದೆ. ನಾವು ಕೈಯಾಡಿಸಿ ಕಲಿತ ಎಷ್ಟೋ ಅಳತೆಗಳು ಮಾತ್ರ ಹಳೆಯ ಕಾಯ್ದೆ ಮತ್ತು 1969ರ ಕರ್ನಾಟಕ ಕಾರ್ಖಾನೆಗಳ ನಿಯಮಗಳಿಂದ ಬಂದವು. ಆದ್ದರಿಂದ ಪಟ್ಟಿಯಲ್ಲಿ ಐದು ಕಾಲಂ ಇರಲಿ: ಯಾವ ಕಾನೂನು ಮತ್ತು ನಿಯಮ, ಅದು ನಮಗೆ ಏನು ಹೇಳುತ್ತದೆ, ನಾವು ಪಾಲಿಸಿದ್ದಕ್ಕೆ ಸಾಕ್ಷಿ ಏನು, ಹೊಣೆ ಯಾರದು, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಯಾವುದು. ಕೊನೆಯ ಕಾಲಂ ಖಾಲಿ ಬಿಡಬೇಡಿ. ಸಂದೇಹವಿದ್ದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ನಿಮ್ಮ ವಲಯದ ಕಚೇರಿಯನ್ನು ಕೇಳಿ, ಬಂದ ಉತ್ತರವನ್ನು ಫೈಲಿನಲ್ಲಿಡಿ.

ನಮ್ಮ ಮಾದರಿ ಘಟಕದಲ್ಲಿ ಆಡಿಟರ್ ಖಂಡಿತ ಕೇಳುವವು ಕೆಲವಿವೆ. ಕ್ರೇನ್, ಚೈನ್‌ಬ್ಲಾಕ್, ಸ್ಲಿಂಗ್‌ಗಳನ್ನು 12 ತಿಂಗಳಿಗೊಮ್ಮೆ ಮಾನ್ಯತೆ ಪಡೆದ ಸಕ್ಷಮ ವ್ಯಕ್ತಿ ಪರೀಕ್ಷಿಸಿದ ವರದಿ, ಪ್ರತಿಯೊಂದರ ಮೇಲೂ ಎತ್ತಬಹುದಾದ ತೂಕದ ಗುರುತು. ಸರಕಿನ ಲಿಫ್ಟ್ ಇದ್ದರೆ ಪರೀಕ್ಷೆ 6 ತಿಂಗಳಿಗೊಮ್ಮೆ. ಕಂಪ್ರೆಸರ್‌ನ ಏರ್ ರಿಸೀವರ್‌ಗೆ ಹೊರಗಿನ ಪರೀಕ್ಷೆ 6 ತಿಂಗಳಿಗೊಮ್ಮೆ, ಒಳಗಿನದು 12 ತಿಂಗಳಿಗೊಮ್ಮೆ. ಪ್ರತಿ 150 ಜನರಿಗೆ ಕಡಿಮೆ ಎಂದರೆ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಅದರ ಹೊಣೆ ಹೊತ್ತವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಪ್ರಮಾಣಪತ್ರ. ಲೆಕ್ಕದ ಪ್ರಕಾರ 80 ಜನರಿಗೆ ಒಂದೇ ಪೆಟ್ಟಿಗೆ ಸಾಕು. ಎರಡು ಶಿಫ್ಟ್ ಇರುವ ಕಡೆ ತರಬೇತಿ ಪಡೆದವರು ಎರಡೂ ಶಿಫ್ಟಿನಲ್ಲಿ ಇರಬೇಕು ಎಂಬುದನ್ನು ಮರೆಯುವವರೇ ಹೆಚ್ಚು. ಸೇಫ್ಟಿ ಆಫೀಸರ್ ನೇಮಕ ಹೊಸ ಸಂಹಿತೆಯಲ್ಲಿ 500 ಕಾರ್ಮಿಕರಿರುವ ಕಾರ್ಖಾನೆಗೆ, ಅಪಾಯಕಾರಿ ಪ್ರಕ್ರಿಯೆಯಿದ್ದರೆ 250ಕ್ಕೆ ಕಡ್ಡಾಯ. 80 ಜನರ ಘಟಕಕ್ಕೆ ಕಾನೂನಿನ ಒತ್ತಾಯ ಇಲ್ಲದಿದ್ದರೂ ಹೊಣೆ ಯಾರದೆಂದು ಬರವಣಿಗೆಯಲ್ಲಿ ಇರಲೇಬೇಕು.

ಅಪಾಯ ಗುರುತಿಸುವುದು

ಒಟ್ಟು ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ ಹೋಗಬೇಕು. ಮಾನದಂಡದ 6.1.2 ಭಾಗ ಇದು. ಕಾರ್ಖಾನೆಗಳಲ್ಲಿ ಇದನ್ನು ‘ಹಿರಾ’ (ಅಪಾಯ ಗುರುತಿಸಿ ಅದರ ಮಟ್ಟ ಅಳೆಯುವುದು ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂದು ಕರೆಯುತ್ತಾರೆ.

ವಿಭಾಗದ ಹೆಸರಿನಿಂದ ಶುರುಮಾಡಬೇಡಿ. ‘ಪ್ರೆಸ್ ಶಾಪ್: ಗಾಯದ ಅಪಾಯ’ ಎಂದು ಬರೆದ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಕೆಲಸವನ್ನು ಬಿಡಿಸಿ ಬರೆಯಿರಿ. ಒಂದು ಪವರ್ ಪ್ರೆಸ್ಸಿನಲ್ಲೇ ಆರು ಕೆಲಸಗಳು ಸಿಗುತ್ತವೆ: ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ತರುವುದು, ಡೈ ಕಟ್ಟುವುದು, ಮೊದಲ ಪೀಸ್ ತೆಗೆದು ಹೊಂದಿಸುವುದು, ಉತ್ಪಾದನೆ, ಸಿಕ್ಕಿಕೊಂಡ ಪೀಸ್ ಬಿಡಿಸುವುದು, ಸ್ಕ್ರ್ಯಾಪ್ ತೆಗೆಯುವುದು. ಬೆರಳು ಹೋಗುವುದು ಉತ್ಪಾದನೆಯಲ್ಲಿ ಮಾತ್ರವಲ್ಲ. ಡೈ ಹೊಂದಿಸುವಾಗ ಮತ್ತು ಸಿಕ್ಕಿಕೊಂಡ ಪೀಸ್ ಬಿಡಿಸುವಾಗ ಗಾರ್ಡ್ ತೆಗೆದಿರುತ್ತಾರೆ, ಅವಸರವೂ ಇರುತ್ತದೆ. ದಿನನಿತ್ಯವಲ್ಲದ ಕೆಲಸಗಳನ್ನೂ ಸೇರಿಸಬೇಕೆಂದು ಮಾನದಂಡ ಬಿಡಿಸಿ ಹೇಳಿರುವುದು ಇದಕ್ಕೇ.

ಫೋರ್ಮನ್ ಮತ್ತು ಆ ಯಂತ್ರ ನಡೆಸುವವರು ಇಬ್ಬರನ್ನೂ ಜೊತೆಗಿಟ್ಟುಕೊಂಡು, ಕೆಲಸ ನಡೆಯುತ್ತಿರುವಾಗಲೇ ನೋಡಿ. ಎರಡನೇ ಶಿಫ್ಟಿನಲ್ಲಿ ಮತ್ತೊಮ್ಮೆ ನೋಡಿ. ಹಗಲಿನಲ್ಲಿ ಹಾಕಿದ್ದ ಗಾರ್ಡ್ ರಾತ್ರಿ ಮೂಲೆಯಲ್ಲಿ ಒರಗಿರುವುದು ಅಪರೂಪವಲ್ಲ. ‘ಗಾರ್ಡ್ ಯಾಕೆ ತೆಗೆದಿರಿ’ ಎಂದು ಗದರಿಸಿದರೆ ಉತ್ತರ ಸಿಗುವುದಿಲ್ಲ. ‘ಇದು ಹಾಕಿಕೊಂಡು ಕೆಲಸ ಮಾಡಲು ಏನು ತೊಂದರೆ’ ಎಂದು ಕೇಳಿ. ಪೀಸ್ ಕಾಣುವುದಿಲ್ಲ, ಹೊರಗೆ ಬೀಳುವುದಿಲ್ಲ, ಗಂಟೆಯ ಟಾರ್ಗೆಟ್ ಮುಟ್ಟುವುದಿಲ್ಲ, ಈ ಮೂರರಲ್ಲಿ ಒಂದು ಕಾರಣ ಬರುತ್ತದೆ. ಮೂರಕ್ಕೂ ಪರಿಹಾರ ಇದೆ.

ಈ ಮಾತುಕತೆಯೇ 5.4ರಲ್ಲಿ ಕೇಳುವ ಕಾರ್ಮಿಕರ ಸಮಾಲೋಚನೆ ಮತ್ತು ಭಾಗವಹಿಸುವಿಕೆ. ಯಾರು ಇದ್ದರು, ಏನು ಹೇಳಿದರು, ಅದರಿಂದ ಏನು ಬದಲಾಯಿತು ಎಂದು ಮೂರು ಸಾಲು ಬರೆದು ಅವರ ಸಹಿ ಪಡೆಯಿರಿ. ಒಡಿಶಾ, ಬಿಹಾರ, ಜಾರ್ಖಂಡ್ ಕಡೆಯಿಂದ ಬಂದವರು ಹೆಚ್ಚಿರುವ ಶಾಪ್‌ಫ್ಲೋರ್‌ನಲ್ಲಿ ಕನ್ನಡ ಅಥವಾ ಇಂಗ್ಲಿಷ್ ಫಲಕ ಮಾತ್ರ ಹಾಕಿ ತರಬೇತಿ ಆಯಿತು ಎನ್ನಲಾಗದು. ಅವರ ಭಾಷೆಯಲ್ಲಿ ಹೇಳಿ, ಚಿತ್ರ ಹಾಕಿ, ಮಾಡಿ ತೋರಿಸಲು ಹೇಳಿ.

ಅಂಕ ಕೊಡಲು 5×5 ಪಟ್ಟಿ ಸಾಕು: ಆಗುವ ಸಾಧ್ಯತೆ 1ರಿಂದ 5, ಪರಿಣಾಮದ ತೀವ್ರತೆ 1ರಿಂದ 5, ಎರಡರ ಗುಣಲಬ್ಧ. ಪ್ರತಿ ಅಂಕಕ್ಕೂ ಅರ್ಥ ಬರೆದಿಡಿ. ಉದಾಹರಣೆಗೆ ತೀವ್ರತೆ 3 ಎಂದರೆ ಕೆಲಸಕ್ಕೆ ಬರಲಾಗದಂಥ ಗಾಯ, 4 ಎಂದರೆ ಶಾಶ್ವತ ಊನ, 5 ಎಂದರೆ ಸಾವು. ಪೀಸನ್ನು ಕೈಯಲ್ಲಿ ಡೈಗೆ ಇಡುವ ಪ್ರೆಸ್ಸಿನಲ್ಲಿ ಸಾಧ್ಯತೆ 4, ತೀವ್ರತೆ 4, ಒಟ್ಟು 16. ಮುಚ್ಚಿದ ಗಾರ್ಡ್ ಮತ್ತು ಪೀಸ್ ಜಾರಿ ಹೋಗುವ ಚ್ಯೂಟ್ ಹಾಕಿದ ಮೇಲೆ ಸಾಧ್ಯತೆ 1ಕ್ಕೆ ಇಳಿಯಬಹುದು, ಒಟ್ಟು 4. ತೀವ್ರತೆ ಮಾತ್ರ 4 ಆಗಿಯೇ ಉಳಿಯುತ್ತದೆ, ಏಕೆಂದರೆ ಗಾರ್ಡ್ ದಾಟಿ ಕೈ ಹೋದರೆ ಬೆರಳು ಹೋಗುವುದೇ. ಕೈಗವಸು ಕೊಟ್ಟೆವು ಎಂದು 16ನ್ನು 2ಕ್ಕೆ ಇಳಿಸಿ ಬರೆದ ಪಟ್ಟಿಯನ್ನು ಕಂಡರೆ ಅನುಭವಿ ಆಡಿಟರ್ ಇಡೀ ಹಿರಾವನ್ನೇ ಅನುಮಾನಿಸುತ್ತಾರೆ.

ತಡೆಯುವ ಕ್ರಮ

8.1.2 ಒಂದು ಏಣಿಯನ್ನು ಕೊಡುತ್ತದೆ, ಮೇಲಿಂದ ಕೆಳಕ್ಕೆ ಇಳಿಯಬೇಕು. ಅಪಾಯವನ್ನೇ ತೆಗೆಯುವುದು, ಕಡಿಮೆ ಅಪಾಯದ್ದಕ್ಕೆ ಬದಲಾಯಿಸುವುದು, ಎಂಜಿನಿಯರಿಂಗ್ ತಡೆ ಅಥವಾ ಕೆಲಸದ ಮರುಜೋಡಣೆ, ತರಬೇತಿ ಸೇರಿದಂತೆ ಆಡಳಿತಾತ್ಮಕ ಕ್ರಮ, ಕೊನೆಗೆ ವೈಯಕ್ತಿಕ ರಕ್ಷಣಾ ಸಾಧನ. ನಮ್ಮಲ್ಲಿ ಹೆಲ್ಮೆಟ್, ಶೂ ಖರೀದಿಯಿಂದಲೇ ಕೆಲಸ ಶುರುವಾಗುವುದರಿಂದ ಈ ಕ್ರಮ ತಲೆಕೆಳಗಾಗುತ್ತದೆ. ರಕ್ಷಣಾ ಸಾಧನಗಳು ಬೇಡ ಎಂದಲ್ಲ, ಅಲ್ಲಿಗೇ ನಿಲ್ಲಬಾರದು. ಕೆಲವು ಕಡೆ ಅವೇ ಅಪಾಯ ತರುತ್ತವೆ. ತಿರುಗುವ ಡ್ರಿಲ್ ಮತ್ತು ಲೇಥ್ ಬಳಿ ಬಟ್ಟೆಯ ಕೈಗವಸು ಸುತ್ತಿಕೊಂಡರೆ ಬೆರಳಿನ ಬದಲು ಇಡೀ ಕೈ ಹೋಗುತ್ತದೆ.

ಪವರ್ ಪ್ರೆಸ್ಸಿನ ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಹಣ ಖರ್ಚಾಗಿಯೂ ರಕ್ಷಣೆ ಸಿಗದಿರುವುದು ಇಲ್ಲೇ. ಮೊದಲು ಕ್ಲಚ್ ಯಾವುದೆಂದು ನೋಡಿ. ಹಳೆಯ ಪಿನ್ ಅಥವಾ ಕೀ ಕ್ಲಚ್ ಪ್ರೆಸ್ಸಿನಲ್ಲಿ ಪೆಡಲ್ ಒತ್ತಿದ ಮೇಲೆ, ಡೈ ಮೇಲೆ ಇಳಿಯುವ ಭಾಗವಾದ ರ‍್ಯಾಮ್ ಒಂದು ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುವುದು. ನಡುವೆ ನಿಲ್ಲಿಸಲು ಸಾಧ್ಯವಿಲ್ಲ. ಇದಕ್ಕೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಬೆಳಕಿನ ಪರದೆ) ಹಾಕಿದರೆ ಕೈ ಒಳಗೆ ಹೋದದ್ದು ಅದಕ್ಕೆ ತಿಳಿಯುತ್ತದೆ, ಆದರೆ ರ‍್ಯಾಮ್ ಬರುವುದು ನಿಲ್ಲುವುದಿಲ್ಲ. ಎರಡು ಕೈಯ ಬಟನ್ನೂ ಇಲ್ಲಿ ಪೂರ್ತಿ ನಂಬಿಕೆಗೆ ಯೋಗ್ಯವಲ್ಲ. ಒತ್ತಿ ಬಿಟ್ಟ ಮೇಲೆ ರ‍್ಯಾಮ್ ಇಳಿಯುವಷ್ಟರಲ್ಲಿ ಕೈ ಒಳಗೆ ಹೋಗಬಹುದು. ಕೀ ಸವೆದರೆ, ಸ್ಪ್ರಿಂಗ್ ಮುರಿದರೆ ಪೆಡಲ್ ಒತ್ತದೆಯೇ ರ‍್ಯಾಮ್ ಎರಡನೇ ಬಾರಿ ಇಳಿಯುತ್ತದೆ. ಡಬಲ್ ಸ್ಟ್ರೋಕ್ ಎಂದು ಕರೆಯುವ ಇದೇ ಬೆರಳು ತಿನ್ನುವ ದೊಡ್ಡ ಕಾರಣ. ಇಂಥ ಪ್ರೆಸ್ಸಿಗೆ ಡೈ ಸುತ್ತ ಬೋಲ್ಟ್ ಹಾಕಿದ ಮುಚ್ಚಿದ ಗಾರ್ಡ್, ಅಥವಾ ಗೇಟು ಮುಚ್ಚದೆ ಪೆಡಲ್ ಕೆಲಸ ಮಾಡದ, ಸ್ಟ್ರೋಕ್ ಮುಗಿಯುವ ತನಕ ತೆರೆಯದ ಇಂಟರ್‌ಲಾಕ್ ಗಾರ್ಡ್ ಬೇಕು. ಗಾರ್ಡಿನ ಸೀಳು 6 ಮಿ.ಮೀ. ಮೀರದಿದ್ದರೆ ಡೈಯಿಂದ 10 ಮಿ.ಮೀ. ದೂರವೂ ಸಾಕು. 12 ಮಿ.ಮೀ. ಸೀಳಿಗೆ 100 ಮಿ.ಮೀ. ದೂರ ಬೇಕು. ಪೆಡಲ್ ಮೇಲೆ ಕವಚ ಇರಲಿ, ಬಿದ್ದ ಪೀಸ್ ಅದನ್ನು ಒತ್ತಬಾರದು.

ನ್ಯೂಮ್ಯಾಟಿಕ್ ಘರ್ಷಣ ಕ್ಲಚ್ ಇರುವ ಪ್ರೆಸ್ ಅಥವಾ ಹೈಡ್ರಾಲಿಕ್ ಪ್ರೆಸ್ಸಿಗೆ ಲೈಟ್ ಕರ್ಟನ್ ಸರಿಹೋಗುತ್ತದೆ. ದೂರದ ಲೆಕ್ಕ ಮಾಡದೆ ಹಾಕಬೇಡಿ. ಕೈ ಸೆಕೆಂಡಿಗೆ 2000 ಮಿ.ಮೀ. ವೇಗದಲ್ಲಿ ಬರುತ್ತದೆ ಎಂದು ಹಿಡಿಯಬೇಕು. ಕರ್ಟನ್ ಮತ್ತು ಪ್ರೆಸ್ ಸೇರಿ ನಿಲ್ಲಲು 0.15 ಸೆಕೆಂಡ್ ತೆಗೆದುಕೊಂಡರೆ ಡೈಯಿಂದ ಕನಿಷ್ಠ 300 ಮಿ.ಮೀ. ದೂರ. ಇದು 14 ಮಿ.ಮೀ. ರೆಸಲ್ಯೂಷನ್ನಿನ, ಅಂದರೆ ಅಷ್ಟು ಸಣ್ಣ ವಸ್ತುವನ್ನೂ ಗುರುತಿಸುವ ಕರ್ಟನ್ನಿನ ಲೆಕ್ಕ. 30 ಮಿ.ಮೀ. ಆದರೆ (30−14)×8, ಅಂದರೆ ಇನ್ನೂ 128 ಮಿ.ಮೀ. ಕೂಡಿಸಿ. ಬ್ರೇಕ್ ಸವೆದಂತೆ ನಿಲ್ಲುವ ಸಮಯ ಹೆಚ್ಚುತ್ತದೆ, ಆದ್ದರಿಂದ ಕಾಲಕಾಲಕ್ಕೆ ಅಳೆಯಿಸಿ ದಾಖಲಿಸಿ. ಕರ್ಟನ್ ಮತ್ತು ಡೈ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಉಳಿಯದಂತೆಯೂ ನೋಡಿ.

ಬೆಂಚ್ ಗ್ರೈಂಡರ್ ಸಣ್ಣ ಯಂತ್ರವೆಂದು ಎಲ್ಲರೂ ಕಡೆಗಣಿಸುತ್ತಾರೆ. ಟೂಲ್ ರೆಸ್ಟ್ ಮತ್ತು ಕಲ್ಲಿನ ನಡುವೆ 3 ಮಿ.ಮೀ., ಮೇಲಿನ ನಾಲಿಗೆ ಗಾರ್ಡಿಗೆ 6 ಮಿ.ಮೀ. ಮೀರಬಾರದು. ಕಲ್ಲು ಸವೆದಂತೆ ಈ ಅಂತರ ಹೆಚ್ಚುವುದರಿಂದ ಮತ್ತೆ ಮತ್ತೆ ಹೊಂದಿಸಬೇಕು. ಹೊಸ ಕಲ್ಲು ಹಾಕುವ ಮೊದಲು ಅದರ ಮೇಲೆ ಬರೆದ ಆರ್‌ಪಿಎಂ ಸ್ಪಿಂಡಲ್ಲಿನ ವೇಗಕ್ಕಿಂತ ಕಡಿಮೆಯಿಲ್ಲ ಎಂದು ನೋಡಿ. ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಕೇಳಿ: ಗಣಗಣ ಎಂದರೆ ಸರಿ, ಬಡ್ಡು ಸದ್ದು ಬಂದರೆ ಬಿರುಕು. ಕೈ ಗ್ರೈಂಡರ್‌ಗಳಿಗೆ ವಿದ್ಯುತ್ ಬರುವ ಪಾಯಿಂಟುಗಳಿಗೆಲ್ಲ, ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಅದರ ಟೆಸ್ಟ್ ಬಟನ್ ಒತ್ತುವವರೇ ಇಲ್ಲದೆ ವರ್ಷಗಟ್ಟಲೆ ಕೂತ ಆರ್‌ಸಿಸಿಬಿ ಬೇಕಾದಾಗ ಬೀಳದಿರಬಹುದು.

ಪ್ರೆಸ್ ಶಾಪಿನ ಸದ್ದನ್ನು ಅಳೆಯಿಸಿ. ನಮ್ಮ ಕಾರ್ಖಾನೆ ನಿಯಮಗಳ ಮಿತಿ ಎಂಟು ಗಂಟೆಗೆ 90 ಡೆಸಿಬಲ್. 85ರಿಂದಲೇ ಕಿವಿ ಪರೀಕ್ಷೆ ಮತ್ತು ರಕ್ಷಣೆ ಶುರುಮಾಡುವುದು ಒಳ್ಳೆಯದು, ಏಕೆಂದರೆ ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ.

ಬೀಗ ಹಾಕಿ ದುರಸ್ತಿ

ಮೇಂಟೆನೆನ್ಸ್‌ನವರು ಯಂತ್ರದೊಳಗೆ ಕೈ ಹಾಕಿರುವಾಗ ಇನ್ನೊಬ್ಬರು ಸ್ವಿಚ್ ಹಾಕುವುದನ್ನು ತಡೆಯಲು ಲಾಕ್‌ಔಟ್ ಬೇಕು. ಕ್ರಮ ಹೀಗಿರಲಿ:

1. ಯಂತ್ರ ನಿಲ್ಲಿಸಿ, ನಡೆಸುವವರಿಗೆ ತಿಳಿಸಿ.
2. ವಿದ್ಯುತ್ ಪೂರ್ತಿ ಕಡಿಯುವ ಮುಖ್ಯ ಐಸೊಲೇಟರ್ ಆಫ್ ಮಾಡಿ. ಎಮರ್ಜೆನ್ಸಿ ಸ್ಟಾಪ್ ಒತ್ತುವುದು ಐಸೊಲೇಷನ್ ಅಲ್ಲ.
3. ಕೆಲಸ ಮಾಡುವ ಪ್ರತಿಯೊಬ್ಬರೂ ತಮ್ಮ ಬೀಗ ಹಾಕಿ, ಕೀಲಿ ತಮ್ಮ ಜೇಬಿನಲ್ಲಿಟ್ಟುಕೊಳ್ಳಲಿ. ಹೆಸರು, ಫೋಟೊ ಇರುವ ಟ್ಯಾಗ್ ತೂಗುಹಾಕಿ.
4. ಒಳಗೆ ಉಳಿದ ಶಕ್ತಿಯನ್ನು ಬಿಡಿ: ಗಾಳಿ ಹೊರಗೆ ಬಿಡಿ, ಫ್ಲೈವೀಲ್ ಪೂರ್ತಿ ನಿಲ್ಲಲಿ, ಕೆಪಾಸಿಟರ್ ಡಿಸ್ಚಾರ್ಜ್ ಆಗಲಿ, ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಡಿ.
5. ಸ್ಟಾರ್ಟ್ ಬಟನ್ ಒತ್ತಿ ಶುರುವಾಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಹೆಚ್ಚಾಗಿ ಬಿಟ್ಟುಹೋಗುವುದು ನಾಲ್ಕು ಮತ್ತು ಐದು. ಮೋಟಾರ್ ಆಫ್ ಆದ ಮೇಲೂ ಪ್ರೆಸ್ಸಿನ ಫ್ಲೈವೀಲ್ ತಿರುಗುತ್ತಿರುತ್ತದೆ, ಅಷ್ಟರಲ್ಲಿ ಪೆಡಲ್ ಒತ್ತಿದರೆ ರ‍್ಯಾಮ್ ಇಳಿಯುತ್ತದೆ. ಬೀಗಗಳೆಲ್ಲಕ್ಕೂ ಒಂದೇ ಕೀಲಿ ಇದ್ದರೆ, ಅಥವಾ ಒಂದು ಸೆಟ್ ಕೀಲಿ ಸೂಪರ್‌ವೈಸರ್ ಮೇಜಿನಲ್ಲಿದ್ದರೆ ಇಡೀ ಪದ್ಧತಿಗೆ ಅರ್ಥವಿಲ್ಲ.

ಕಂಟ್ರಾಕ್ಟರ್ ಕೆಲಸಗಳು

ಛಾವಣಿ ಸೋರುತ್ತದೆಂದು ಕರೆಸಿದ ಇಬ್ಬರು ಶೀಟಿನ ಮೇಲೆ ಹತ್ತುತ್ತಾರೆ. ಹಳೆಯ ಸಿಮೆಂಟ್ ಶೀಟ್ ಮತ್ತು ಬೆಳಕಿಗೆ ಹಾಕಿದ ಫೈಬರ್ ಶೀಟು ಮನುಷ್ಯನ ಭಾರ ಹೊರುವುದಿಲ್ಲ. ಮೇಲೆ ಭಾರ ಹಂಚುವ ಹಲಗೆಯಾದ ಕ್ರಾಲ್ ಬೋರ್ಡ್, ಕೆಳಗೆ ಬಲೆ, ಭದ್ರ ಲೈಫ್‌ಲೈನಿಗೆ ಕಟ್ಟಿದ ಫುಲ್‌ಬಾಡಿ ಹಾರ್ನೆಸ್, ಇಷ್ಟಿಲ್ಲದೆ ಅನುಮತಿ ಚೀಟಿ ಕೊಡಬೇಡಿ. ಎರಡು ಮೀಟರಿಗಿಂತ ಎತ್ತರದ ಎಲ್ಲ ಕೆಲಸಕ್ಕೂ ವರ್ಕ್ ಪರ್ಮಿಟ್ ಇರಲಿ. ಚೀಟಿಯನ್ನು ಆಫೀಸಿನಲ್ಲಿ ಕೂತು ಸಹಿ ಮಾಡದೆ, ಸ್ಥಳ ನೋಡಿ ಸಹಿ ಮಾಡಬೇಕು. ಒಂದು ಚೀಟಿ ಒಂದು ಶಿಫ್ಟಿಗೆ ಮಾತ್ರ.

ತೊಟ್ಟಿ, ಎಸ್‌ಟಿಪಿ (ಕೊಳಚೆ ನೀರಿನ ಶುದ್ಧೀಕರಣ ಘಟಕ), ಸಂಪುಗಳ ವಿಷಯದಲ್ಲಿ ರಿಯಾಯಿತಿ ಬೇಡವೇ ಬೇಡ. ಇಳಿಯದೆಯೇ ಹೊರಗಿನಿಂದ ಯಂತ್ರದಲ್ಲಿ ಸ್ವಚ್ಛ ಮಾಡಲು ಆಗುತ್ತದೆಯೇ ಎಂದು ಮೊದಲು ನೋಡಿ. ಇಳಿಯಲೇಬೇಕಾದರೆ ಗಾಳಿಯನ್ನು ಮೇಲೆ, ನಡುವೆ, ತಳದಲ್ಲಿ ಅಳೆಯಿರಿ: ಆಮ್ಲಜನಕ ಶೇ. 19.5ರಿಂದ 23.5ರೊಳಗೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂಗಿಂತ ಕಡಿಮೆ, ಉರಿಯುವ ಅನಿಲ ಅದರ ಕೆಳ ಸ್ಫೋಟಕ ಮಿತಿಯ ಶೇ. 10ಕ್ಕಿಂತ ಕಡಿಮೆ. ಕೈದೀಪ 24 ವೋಲ್ಟ್ ಮೀರಬಾರದು. ಹೊರಗೆ ಒಬ್ಬರು ಹಗ್ಗ ಹಿಡಿದು ನಿಂತಿರಬೇಕು, ಟ್ರೈಪಾಡ್ ಇರಬೇಕು. ಬಿದ್ದವರನ್ನು ಉಳಿಸಲು ಬರಿಗೈಯಲ್ಲಿ ಇಳಿದವರು ಸಾಯುವುದು ಮತ್ತೆ ಮತ್ತೆ ಆಗುತ್ತಿದೆ. ಹೊರಗೆ ನಿಂತವರು ಯಾವ ಕಾರಣಕ್ಕೂ ಒಳಗೆ ಇಳಿಯಬಾರದೆಂದು ಅವರಿಂದಲೇ ಬಾಯಿಬಿಟ್ಟು ಹೇಳಿಸಿ.

ತುರ್ತು ಸಿದ್ಧತೆ

ಯಾವ ಜಾಗದಿಂದಲೂ 15 ಮೀಟರ್ ನಡೆಯುವುದರೊಳಗೆ ಅಗ್ನಿಶಾಮಕ ಸಿಗುವಂತೆ ಜೋಡಿಸಿ. ಪೇಂಟ್ ಬೂತ್ ಬಳಿ ನೀರಿನದಲ್ಲ, ಫೋಮ್ ಅಥವಾ ಡ್ರೈ ಪೌಡರ್. ಪ್ಯಾನೆಲ್ ಬಳಿ ಕಾರ್ಬನ್ ಡೈಆಕ್ಸೈಡ್. ಅಣಕು ಕಾರ್ಯಾಚರಣೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲರಿಗೂ ಮೊದಲೇ ಹೇಳಿ ಮಾಡುವುದು ರೂಢಿಯಾಗಿಬಿಟ್ಟಿದೆ. ಒಂದನ್ನಾದರೂ ರಾತ್ರಿ ಶಿಫ್ಟಿನಲ್ಲಿ ಮಾಡಿ. ಗಮನಿಸಬೇಕಾದದ್ದು ಹೊರಬರಲು ಹಿಡಿದ ಸಮಯವಷ್ಟೇ ಅಲ್ಲ, ತಲೆ ಎಣಿಕೆ ತಾಳೆಯಾಯಿತೇ ಎಂಬುದು. ಗೇಟ್ ರಿಜಿಸ್ಟರಿನಲ್ಲಿರುವ ಕಂಟ್ರಾಕ್ಟರ್ ಕಡೆಯವರು, ಲಾರಿ ಚಾಲಕರು ಎಣಿಕೆಯಲ್ಲಿ ಬಿಟ್ಟುಹೋಗುತ್ತಾರೆ.

ಘಟನೆ ಮತ್ತು ಅಂಕಿಅಂಶ

ಅಪಘಾತವಾದಾಗ ತನಿಖಾ ವರದಿಯಲ್ಲಿ ಮೂಲ ಕಾರಣ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದು ಮುಗಿಸುವುದು ಅತಿ ಸಾಮಾನ್ಯ ದೋಷ. ಅಲ್ಲಿಗೆ ನಿಂತರೆ ಸರಿಪಡಿಸುವ ಕ್ರಮ ‘ಬುದ್ಧಿ ಹೇಳಲಾಯಿತು’ ಎಂಬುದೇ ಆಗುತ್ತದೆ. ಡಬಲ್ ಸ್ಟ್ರೋಕ್‌ನ ಉದಾಹರಣೆಯಲ್ಲೇ ಮುಂದೆ ಕೇಳುತ್ತಾ ಹೋಗಿ. ರ‍್ಯಾಮ್ ಯಾಕೆ ಮತ್ತೆ ಇಳಿಯಿತು? ಸ್ಪ್ರಿಂಗ್ ಮುರಿದಿತ್ತು. ಯಾಕೆ ಮುರಿಯುವವರೆಗೆ ಬಿಟ್ಟರು? ಬದಲಾಯಿಸುವ ಅವಧಿ ನಿಗದಿಯಾಗಿರಲಿಲ್ಲ. ಯಾಕೆ? ಮೇಂಟೆನೆನ್ಸ್ ಪಟ್ಟಿಯಲ್ಲಿ ಎಣ್ಣೆ, ಬೆಲ್ಟ್ ಬಿಟ್ಟು ಕ್ಲಚ್ಚಿನ ಭಾಗಗಳೇ ಇರಲಿಲ್ಲ. ಈಗ ಕ್ರಮ ಸ್ಪಷ್ಟ: ಎಲ್ಲ ಪ್ರೆಸ್ಸುಗಳ ಕೀ ಮತ್ತು ಸ್ಪ್ರಿಂಗ್ ಇಂದೇ ನೋಡಬೇಕು, ಪಟ್ಟಿ ತಿದ್ದಬೇಕು, ಹಿರಾದ ಆ ಸಾಲನ್ನೂ ತಿದ್ದಬೇಕು. ಆಡಿಟರ್ ಹುಡುಕುವುದು ಈ ಮೂರರ ಕೊಂಡಿಯನ್ನು.

ಅಪಘಾತದ ದರಕ್ಕೆ ಸೂತ್ರ ಸುಲಭ: ಕೆಲಸ ತಪ್ಪಿಸಿದ ಗಾಯಗಳ ಸಂಖ್ಯೆಯನ್ನು 10 ಲಕ್ಷದಿಂದ ಗುಣಿಸಿ ಒಟ್ಟು ದುಡಿದ ಗಂಟೆಗಳಿಂದ ಭಾಗಿಸುವುದು. 80 ಜನ, 8 ಗಂಟೆ, 300 ದಿನ ಎಂದರೆ 1,92,000 ಗಂಟೆ. ಒಂದು ಗಾಯವಾದರೆ ದರ 5.2, ಆಗದಿದ್ದರೆ ಸೊನ್ನೆ. ಇಷ್ಟು ಸಣ್ಣ ಘಟಕದಲ್ಲಿ ಈ ಸಂಖ್ಯೆ ನೋಡಿ ಸುರಕ್ಷತೆ ಸುಧಾರಿಸಿತೆಂದು ಹೇಳಲಾಗದು. ‘ಶೂನ್ಯ ಅಪಘಾತ’ ಗುರಿಯಿಟ್ಟು ಬಹುಮಾನ ಘೋಷಿಸಿದರೆ ಗಾಯಗಳು ಮುಚ್ಚಿಹೋಗುತ್ತವೆ, ಅಷ್ಟೇ. ಗುರಿಗಳನ್ನು ಮುನ್ಸೂಚನೆ ಕೊಡುವ ವಿಷಯಗಳ ಮೇಲಿಡಿ: ಎಷ್ಟು ಪ್ರೆಸ್ಸುಗಳಿಗೆ ಗಾರ್ಡ್ ಹಾಕಿ ಮುಗಿಯಿತು, ಗಾಯವಾಗದೆ ಸ್ವಲ್ಪದರಲ್ಲಿ ತಪ್ಪಿ ವರದಿಯಾದ ನಿಯರ್ ಮಿಸ್‌ಗಳಲ್ಲಿ ಎಷ್ಟಕ್ಕೆ 15 ದಿನದೊಳಗೆ ಕ್ರಮವಾಯಿತು. ಪ್ರತಿ ಗುರಿಗೂ ಹಣ, ಹೊಣೆ, ದಿನಾಂಕ ಬರೆದಿರಲಿ.

ಆಡಿಟ್‌ಗೆ ಮೊದಲು

ಹೊರಗಿನವರನ್ನು ಕರೆಯುವ ಮುನ್ನ ಒಂದು ಪೂರ್ತಿ ಆಂತರಿಕ ಆಡಿಟ್ ಮತ್ತು ಒಂದು ಆಡಳಿತ ಪರಿಶೀಲನಾ ಸಭೆ ಮುಗಿದಿರಬೇಕು. ಸಾಮಾನ್ಯವಾಗಿ ಮೂರು ತಿಂಗಳ ದಾಖಲೆಗಳನ್ನು ನಿರೀಕ್ಷಿಸುತ್ತಾರೆ. ಪ್ರೆಸ್ ಶಾಪನ್ನು ಪ್ರೆಸ್ ಶಾಪ್ ಮುಖ್ಯಸ್ಥರೇ ಆಡಿಟ್ ಮಾಡುವಂತಿಲ್ಲ. ಆಂತರಿಕ ಆಡಿಟ್‌ನಲ್ಲಿ ಒಂದೂ ದೋಷ ಸಿಗಲಿಲ್ಲ ಎಂಬ ವರದಿ ನಿಮಗೆ ನೆರವಾಗುವುದಿಲ್ಲ, ನೋಡಿಯೇ ಇಲ್ಲ ಎಂದು ಅದು ಹೇಳುತ್ತದೆ. ಕಾನೂನು ಪಾಲನೆಯ ಮೌಲ್ಯಮಾಪನವನ್ನು, ಅಂದರೆ 9.1.2ನ್ನು, ಪ್ರತ್ಯೇಕವಾಗಿ ಮಾಡಿ. ಪಟ್ಟಿ ಇಟ್ಟುಕೊಳ್ಳುವುದು ಒಂದು, ಪಾಲಿಸಿದ್ದೇವೆಯೇ ಎಂದು ತಾಳೆ ನೋಡುವುದು ಇನ್ನೊಂದು.

ಪ್ರಮಾಣೀಕರಣ ಸಂಸ್ಥೆಯನ್ನು ಆರಿಸುವುದು

ಐಎಸ್‌ಒ ಸಂಸ್ಥೆ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ, ಮಾನದಂಡ ಬರೆಯುತ್ತದೆ ಅಷ್ಟೇ. ಪ್ರಮಾಣಪತ್ರ ಕೊಡುವುದು ಪ್ರಮಾಣೀಕರಣ ಸಂಸ್ಥೆ. ಅದಕ್ಕೆ ಮಾನ್ಯತೆ ಕೊಡುವ ಮಂಡಳಿ ಭಾರತದಲ್ಲಿ ಎನ್‌ಎಬಿಸಿಬಿ. ಹೊರದೇಶದ ಮಾನ್ಯತಾ ಮಂಡಳಿಯಾದರೆ ಅದು ಮಾನ್ಯತಾ ಮಂಡಳಿಗಳ ಅಂತರರಾಷ್ಟ್ರೀಯ ಒಕ್ಕೂಟದ (2025ರವರೆಗೆ ಐಎಎಫ್) ಪರಸ್ಪರ ಒಪ್ಪಂದಕ್ಕೆ ಸಹಿ ಹಾಕಿರಬೇಕು. ಕೊಟೇಶನ್ ಬಂದಾಗ ಮಂಡಳಿಯ ಜಾಲತಾಣದಲ್ಲಿ ಎರಡು ವಿಷಯ ನೋಡಿ. ಆ ಸಂಸ್ಥೆಗೆ 45001ಕ್ಕೆ ಮಾನ್ಯತೆ ಇದೆಯೇ (9001ಕ್ಕೆ ಮಾತ್ರ ಇರಬಹುದು), ಮತ್ತು ನಿಮ್ಮ ಕ್ಷೇತ್ರಕ್ಕೆ ಇದೆಯೇ. ಲೋಹದ ಉತ್ಪನ್ನಗಳ ಕ್ಷೇತ್ರಸಂಖ್ಯೆ 17, ಯಂತ್ರೋಪಕರಣಗಳದ್ದು 18. ಬೇರೆಯವರ ಪ್ರಮಾಣಪತ್ರ ಅಸಲಿಯೇ ಎಂದು ನೋಡಲು ಐಎಎಫ್ ಸರ್ಟ್‌ಸರ್ಚ್ ಎಂಬ ಜಾಲತಾಣವಿದೆ. ಸಲಹೆ ಮತ್ತು ಪ್ರಮಾಣಪತ್ರ ಎರಡನ್ನೂ ನಾವೇ ಕೊಡುತ್ತೇವೆ ಎನ್ನುವ ಸಂಸ್ಥೆಯನ್ನು ಅಲ್ಲಿಗೇ ಬಿಡಿ. ನಿಯಮ ಅದನ್ನು ನಿಷೇಧಿಸುತ್ತದೆ.

ಮೊದಲ ಹಂತದ ಆಡಿಟ್‌ನಲ್ಲಿ ದಾಖಲೆ, ವ್ಯಾಪ್ತಿ, ಕಾನೂನು ಪಟ್ಟಿ, ಹಿರಾ ನೋಡಿ ಎರಡನೇ ಹಂತಕ್ಕೆ ಸಿದ್ಧರಿದ್ದೀರಾ ಎಂದು ತೀರ್ಮಾನಿಸುತ್ತಾರೆ. ಎರಡೂ ಹಂತಗಳನ್ನು ಬೆನ್ನುಬೆನ್ನಿಗೆ ಇಟ್ಟುಕೊಳ್ಳಬೇಡಿ, ಕಂಡ ಕೊರತೆ ತುಂಬಲು ಮೂರು–ನಾಲ್ಕು ವಾರ ಬೇಕು. ಎರಡನೇ ಹಂತದಲ್ಲಿ ಆಡಿಟರ್ ಶಾಪ್‌ಫ್ಲೋರ್‌ನಲ್ಲಿರುತ್ತಾರೆ. ಕಾನೂನಿನ ಹೊಣೆ ಹೊತ್ತ ಮಾಲೀಕರು, ಕಾರ್ಮಿಕರ ಪ್ರತಿನಿಧಿ, ಆರೋಗ್ಯ ತಪಾಸಣೆ ನೋಡಿಕೊಳ್ಳುವ ವೈದ್ಯರು ಅಥವಾ ನರ್ಸ್, ಕಾಯಂ ಮತ್ತು ತಾತ್ಕಾಲಿಕ ಕಾರ್ಮಿಕರು, ಎಲ್ಲರನ್ನೂ ಮಾತಾಡಿಸುತ್ತಾರೆ. ಉತ್ತರಗಳನ್ನು ಬಾಯಿಪಾಠ ಮಾಡಿಸಬೇಡಿ. ‘ಈ ಯಂತ್ರದಲ್ಲಿ ನಿಮಗೇನು ಆಗಬಹುದು, ಆಗದಂತೆ ಏನು ಮಾಡಿದ್ದಾರೆ, ಸರಿಯಿಲ್ಲದಿದ್ದರೆ ಕೆಲಸ ನಿಲ್ಲಿಸಬಹುದೇ’ ಎಂದು ಕೇಳುತ್ತಾರೆ. ಹಿರಾ ಮಾಡುವಾಗ ಜೊತೆಗಿದ್ದವರಿಗೆ ಇದರ ಉತ್ತರ ತಾನಾಗಿ ಬರುತ್ತದೆ.

ದೊಡ್ಡ ದೋಷ, ಅಂದರೆ ಮೇಜರ್ ನಾನ್‌ಕನ್‌ಫರ್ಮಿಟಿ ಬಂದರೆ ಅದನ್ನು ಸರಿಪಡಿಸಿ ಪರಿಶೀಲನೆಯಾಗುವವರೆಗೆ ಪ್ರಮಾಣಪತ್ರ ಇಲ್ಲ. ಆರು ತಿಂಗಳೊಳಗೆ ಆಗದಿದ್ದರೆ ಎರಡನೇ ಹಂತವನ್ನು ಮತ್ತೆ ಮಾಡಬೇಕಾಗುತ್ತದೆ. ಮಾದರಿ ಘಟಕದಂಥ ಕಡೆ ಇದು ಬರುವುದು ಗಾರ್ಡ್ ಇಲ್ಲದ ಪ್ರೆಸ್, ಅವಧಿ ಮೀರಿದ ಕ್ರೇನ್ ಪರೀಕ್ಷೆ, ಹಿರಾದಲ್ಲಿ ಸೇರದ ಕಂಟ್ರಾಕ್ಟ್ ಕೆಲಸಗಳಿಂದ.

ಪ್ರಮಾಣಪತ್ರ ಬಂದ ಮೇಲೆ

ಅವಧಿ ಮೂರು ವರ್ಷ. ಮೊದಲ ಕಣ್ಗಾವಲು ಆಡಿಟ್ ಪ್ರಮಾಣೀಕರಣದ ತೀರ್ಮಾನವಾದ 12 ತಿಂಗಳೊಳಗೆ, ಆಮೇಲೆ ವರ್ಷಕ್ಕೊಮ್ಮೆ, ಮೂರನೇ ವರ್ಷದ ಕೊನೆಗೆ ಮರುಪ್ರಮಾಣೀಕರಣ. ಗಂಭೀರ ಅಪಘಾತವಾದರೆ ಅಥವಾ ಇಲಾಖೆ ಮಧ್ಯೆ ಬರಬೇಕಾದಂಥ ಕಾನೂನು ಉಲ್ಲಂಘನೆಯಾದರೆ ಇಲಾಖೆಗೆ ವರದಿ ಕೊಡುವುದರ ಜೊತೆಗೆ ಪ್ರಮಾಣೀಕರಣ ಸಂಸ್ಥೆಗೂ ತಡಮಾಡದೆ ತಿಳಿಸಬೇಕು. ಒಪ್ಪಂದದಲ್ಲೇ ಈ ಷರತ್ತು ಇರುತ್ತದೆ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಪ್ರಮಾಣಪತ್ರ ಅಮಾನತಾಗುವ ಸಾಧ್ಯತೆ ಹೆಚ್ಚು.

ಎರಡನೇ ವರ್ಷದಲ್ಲಿ ಪದ್ಧತಿ ಸಡಿಲವಾಗುವುದು ಹೊಸ ಯಂತ್ರ ಬಂದಾಗ. ಆರ್ಡರ್ ಹೆಚ್ಚಿತೆಂದು ಹಳೆಯ ಪ್ರೆಸ್ಸೊಂದನ್ನು ಸೆಕೆಂಡ್‌ಹ್ಯಾಂಡ್ ತಂದು ಭಾನುವಾರ ಕೂರಿಸಿ ಸೋಮವಾರ ಶುರುಮಾಡುತ್ತಾರೆ. ಬದಲಾವಣೆಯ ನಿರ್ವಹಣೆ ಎಂಬ 8.1.3 ಇದಕ್ಕಾಗಿಯೇ ಇದೆ. ಪರ್ಚೇಸ್ ಆರ್ಡರಿನ ನಮೂನೆಯಲ್ಲೇ ನಾಲ್ಕು ಸಾಲು ಸೇರಿಸಿಬಿಡಿ: ಕ್ಲಚ್ ಯಾವುದು, ಗಾರ್ಡ್ ಇದೆಯೇ, ಐಸೊಲೇಟರಿಗೆ ಬೀಗ ಹಾಕಲು ಬರುತ್ತದೆಯೇ, ಹಿರಾ ಯಾರು ಯಾವ ದಿನ ಮಾಡುತ್ತಾರೆ. ಆ ನಾಲ್ಕಕ್ಕೂ ಉತ್ತರ ಬರೆಯದೆ ಅಕೌಂಟ್ಸ್ ವಿಭಾಗ ಹಣ ಬಿಡುಗಡೆ ಮಾಡದಂತೆ ನಿಯಮ ಮಾಡಿ.